ಹಿಮನದಿ ಕದಲಿದ ಶ್ರಾವಣ

ನನ್ನ ಮೊಮ್ಮಗಳು ಗೌತಮಿ ಡೆಹ್ರಾಡೂನಿನಲ್ಲಿ ಹಿಮನದಿಗಳ ವಿಷಯ ಓದುತ್ತಿದ್ದಾಳೆ. ಕಾಲು ಉಳುಕಿಸಿಕೊಂಡು ಆ ಶ್ರಾವಣ ಪೂರ್ತಿ ಗುರುಪುರದ ಮನೆಯಲ್ಲೇ ಇದ್ದಳು. ನಮ್ಮಲ್ಲಿ ನೆಟ್‌ವರ್ಕು ಚೆನ್ನಾಗಿ ಸಿಗುವುದು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಜಗುಲಿಯಲ್ಲಿ. ನಾನು ಬೆಂಕಿ ನೋಡಿಕೊಳ್ಳುತ್ತಿದ್ದರೆ ಅವಳು ಅಲ್ಲೇ ಲ್ಯಾಪ್‌ಟಾಪ್ ತೆರೆದು, ಸ್ಯಾಟಲೈಟು ಮೇಲಿನಿಂದ ತೆಗೆದ ಹಿಮಾಲಯದ ಚಿತ್ರಗಳನ್ನು ನೋಡುತ್ತಿದ್ದಳು. ಪಕ್ಕದ ಮನೆಯ ಚಿಕ್ಕಬೀರಮ್ಮ ಎದುರಿಗೆ ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದಳು.

ಗೌತಮಿಯ ಸೋದರಮಾವ ಕಾಂತರಾಜು ಬಂದಾಗಲೆಲ್ಲ ರೇಗಿಸದೆ ಹೋಗುತ್ತಿರಲಿಲ್ಲ.

"ಇಲ್ಲಿ ಕೂತ್ಕಂಡು ಇಮಾಲಯ ಕಾಯ್ತಿದ್ದೀಯಲ್ಲಮ್ಮಿ, ಯಾರಾದ್ರೂ ಒತ್ಕಂಡೋಯ್ತಾರಾ?"

"ಇದ್ರಲ್ಲಿ ನಮ್ಮೂರೂ ಕಾಣ್ತದೆ ಮಾವ. ನೀವು ಪಕ್ಕದೋರ ಬದ ಎಷ್ಟು ಒತ್ತರಿಸಿದ್ದೀರಾ ಅಂತ ತೋರಿಸ್ಲಾ?"

"ಬ್ಯಾಡ ಬುಡವ್ವ, ನಿನ್ನ ಕೆಲ್ಸ ನೋಡ್ಕೋ," ಎಂದು ಕಾಂತರಾಜು ಎದ್ದೇ ಹೋದ. ಚಿಕ್ಕಬೀರಮ್ಮ ನಕ್ಕೂ ನಕ್ಕೂ ಕೈಲಿದ್ದ ಸೊಪ್ಪು ಬೀಳಿಸಿದಳು.

ಒಂದು ಬೆಳಿಗ್ಗೆ ಗೌತಮಿ ನನ್ನನ್ನು ಮೆಲ್ಲಗೆ ಕರೆದಳು. ಹೋದ ವರ್ಷದ್ದೊಂದು, ಈ ವಾರದ್ದೊಂದು, ಒಂದೇ ಜಾಗದ ಎರಡು ಚಿತ್ರ. ಸುಣ್ಣದ ಗೋಡೆಯ ಮೇಲೆ ಮಳೆನೀರು ಇಳಿದ ಕಲೆಯ ಹಾಗಿತ್ತು. ನನಗೇನೂ ತಿಳಿಯಲಿಲ್ಲ.

"ಈ ಕರೀ ಗೆರೆ ನೋಡು ತಾತ. ಹಿಮ ಹೊತ್ತು ತರೋ ಕಲ್ಲುಮಣ್ಣು. ಆಗ ನೆಟ್ಟಗಿತ್ತು, ಈಗ ಸೊಟ್ಟಗಾಗಿದೆ."

ಒಂದರ ಮೇಲೊಂದು ಚಿತ್ರ ಇಟ್ಟು, ಹಿಂದಕ್ಕೂ ಮುಂದಕ್ಕೂ ಬದಲಾಯಿಸಿದಳು. ಆಗ ಕಂಡಿತು. ಗುಡ್ಡಗಳು ಇದ್ದಲ್ಲೇ ಇದ್ದವು. ನಡುವೆ ಮಲಗಿದ್ದ ಆ ಬಿಳಿಯದು ಮಾತ್ರ ಮೈಯೆಲ್ಲ ಬಿರುಕು ಬಿಟ್ಟುಕೊಂಡು ಕೆಳಕ್ಕೆ ಜರುಗುತ್ತಿತ್ತು. ಕೆಲವು ಹಿಮನದಿಗಳು ಒಂದು ತಲೆಮಾರು ತೂಕಡಿಸಿಕೊಂಡಿದ್ದು, ಆಮೇಲೆ ಇದ್ದಕ್ಕಿದ್ದ ಹಾಗೆ ಎದ್ದು ಹೊರಡುತ್ತವಂತೆ. ಇಷ್ಟು ವಯಸ್ಸಾದ ಮೇಲೆ ಅದನ್ನು ನಮ್ಮ ಜಗುಲಿಯಲ್ಲಿ ಕೂತು ಕಂಡೆ.

ಆದರೆ ಗೌತಮಿಯ ಮುಖ ಬಾಡಿತ್ತು. ಹಿಮದ ಮೂತಿ ಹೋಗಿ ಎದುರಿನ ಹೊಳೆಗೆ ಅಡ್ಡ ಬಿದ್ದಿತ್ತು. ಅದರ ಹಿಂದೆ ನೀರು ನಿಲ್ಲುತ್ತಿತ್ತು. ಒಡೆದರೆ ಕೆಳಗಿನ ಹೊಳೆದಂಡೆಯಲ್ಲಿರುವ ರಸ್ತೆ ಕೆಲಸದವರ ಟೆಂಟುಗಳು ಉಳಿಯುವುದಿಲ್ಲ. ಚಿಕ್ಕಬೀರಮ್ಮನ ಮಗ ಶರತ್ ಜೆಸಿಬಿ ಓಡಿಸುತ್ತಿದ್ದುದು ಅಲ್ಲೇ. ಅವನ ಫೋನು ಸಿಗಬೇಕಾದರೆ ಅವನೇ ಗುಡ್ಡ ಹತ್ತಿ ಮಾಡಬೇಕಿತ್ತು.

"ಡೆಹ್ರಾಡೂನಿನ ನಿಮ್ಮ ಮೇಷ್ಟ್ರಿಗೆ ಹೇಳವ್ವ ಮತ್ತೆ," ಎಂದೆ.

"ಹೋದ್ವರ್ಷ ಇನ್ನೊಂದು ಕಡೆ ಹಿಂಗೇ ಹೇಳಿದ್ದೆ ತಾತ. ಅದು ಬರೀ ಗುಡ್ಡದ ನೆರಳು. ಜನ ಸುಮ್ಮನೆ ಗಂಟುಮೂಟೆ ಕಟ್ಕಂಡು ಹೋಗಿ ವಾಪಸ್ ಬಂದ್ರು. ಈಗ್ಲೂ ತಪ್ಪಾದ್ರೆ ಇನ್ಮೇಲೆ ಯಾರೂ ನನ್ ಮಾತು ಕೇಳಲ್ಲ. ನಿಜವಾಗಿದ್ದು, ನಾನು ಸುಮ್ನಿದ್ರೆ..." ಚಿಕ್ಕಬೀರಮ್ಮನ ಕಡೆ ನೋಡಿ ಮಾತು ನುಂಗಿಕೊಂಡಳು.

ಅಷ್ಟರಲ್ಲಿ ಪಕ್ಕದ ಬ್ಯಾರನ್ನಿನ ಅಣ್ಣಯ್ಯ ಬಂದ. ನಾನೇ ಹೇಳಿಕಳಿಸಿದ್ದೆ. ಸೊಪ್ಪು ಹಳದಿಗೆ ತಿರುಗಿದ ಮೇಲೆ, ಕಾವು ಏರಿಸುವ ಮುಂಚೆ, ಬೇರೆಯವರೊಬ್ಬರನ್ನು ಕರೆದು ತೋರಿಸುವುದು ನಮ್ಮ ಕೇರಿಯ ರೂಢಿ. ಹೌದಪ್ಪ ಅನ್ನುವವನನ್ನಲ್ಲ, ತಪ್ಪು ಹುಡುಕುವವನನ್ನೇ ಕರೆಯಬೇಕು.

ಅಣ್ಣಯ್ಯ ಬ್ಯಾರನ್ನಿನ ಕಿಟಕಿಯಲ್ಲಿ ಇಣುಕಿದ. "ಯಾವನ್ಲಾ ಇದು ಆಯ್ತು ಅಂದೋನು? ಎಲೆ ನರ ಇನ್ನೂ ಅಸುರೈತೆ. ಮಾದೇವಯ್ಯ, ಕಣ್ಣ ಮನೇಲಿ ಬುಟ್ ಬಂದಿದ್ದೀಯಾ?"

"ಸರಿ ಕಣಪ್ಪ, ಸಂಜೆಗಂಟ ಬುಡ್ತೀನಿ," ಎಂದೆ.

ಗೌತಮಿ ನಮ್ಮಿಬ್ಬರನ್ನೂ ನೋಡುತ್ತ ಕೂತಿದ್ದಳು. ಆಮೇಲೆ ಫೋನು ತೆಗೆದುಕೊಂಡು, ಅವಳ ಜೊತೆ ಓದುವ ಹಂಪಾಪುರದ ಚೇತನ್‌ಕುಮಾರನಿಗೆ ಮಾಡಿದಳು. ಹೋದ ವರ್ಷ ಅವಳ ತಪ್ಪು ಹಿಡಿದು ಎಲ್ಲರೆದುರು ನಗೆಪಾಟಲು ಮಾಡಿದವನು ಅವನೇ.

"ಚಿತ್ರ ಕಳಿಸಿದ್ದೀನಿ. ಇದ್ರಲ್ಲೂ ತಪ್ಪು ಹುಡುಕು. ಬಿಡಬೇಡ."

"ಮತ್ತೆ ನೆರಳು ಹಿಡ್ಕಂಡು ಬಂದ್ಯಾ ತಾಯಿ?" ಎಂದು ಅವನು ನಕ್ಕಿದ್ದು ನನಗೂ ಕೇಳಿಸಿತು.

ಅವನು ರಾಡಾರಿನ ಚಿತ್ರ ತೆಗೆದು ನೋಡಿದನಂತೆ. ಅದಕ್ಕೆ ಬಿಸಿಲು ಬೇಡ, ಮೋಡವೂ ಅಡ್ಡಿಯಿಲ್ಲ, ಬಿಸಿಲಿನ ನೆರಳು ಅದನ್ನು ಯಾಮಾರಿಸುವುದಿಲ್ಲ ಎಂದು ಗೌತಮಿ ವಿವರಿಸಿದಳು. ಸಂಜೆ ಫೋನು ಬಂದಾಗ ಅವನ ದನಿಯಲ್ಲಿ ನಗುವಿರಲಿಲ್ಲ.

"ನೆರಳಲ್ಲ ಕಣೇ. ಸುಳ್ಳು ಮಾಡಕ್ಕೆ ಎಲ್ಲಾ ಥರ ನೋಡ್ದೆ, ಆಗ್ಲಿಲ್ಲ. ದಿನಕ್ಕೆ ಅರ್ಧ ತೆಂಗಿನ ಮರದಷ್ಟು ನಡೀತೈತೆ. ಈಗ್ಲೇ ಬರಿ, ನನ್ನ ಹೆಸ್ರೂ ಹಾಕು."

ಕತ್ತಲಾಗುವುದರೊಳಗೆ ಬರೆದು ಕಳಿಸಿದಳು. ಅವರ ಮೇಷ್ಟ್ರು ಅಲ್ಲಿನ ಅಧಿಕಾರಿಗಳಿಗೆ ಮುಟ್ಟಿಸಿದರು.

ಎರಡು ದಿನ ಬಿಟ್ಟು ಶರತ್‌ನ ಫೋನು ಬಂತು. ಚಿಕ್ಕಬೀರಮ್ಮನ ಕೈಗೆ ಸೊಪ್ಪಿನ ಅಂಟು ಮೆತ್ತಿದ್ದರಿಂದ ಗೌತಮಿಯೇ ಸ್ಪೀಕರಿಗೆ ಹಾಕಿ ಹಿಡಿದಳು.

"ಯಾವನೋ ಸ್ಯಾಟಲೈಟ್ ನೋಡಿ ಏನೋ ಹೇಳವ್ನಂತೆ ಕಣವ್ವ. ಟೆಂಟು, ಪಾತ್ರೆ, ಡೀಸಲ್ಲು ಎಲ್ಲಾ ಗುಡ್ಡದ ಮ್ಯಾಲಕ್ಕೆ ಹೊರ್ಸವ್ರೆ. ಸೊಂಟ ಬಿದ್ದೋಯ್ತು."

"ಅವನ ಕೈ ಸೇದೋಗ! ನನ್ ಮಗನ್ನ ಕತ್ತೆ ಮಾಡವ್ನಲ್ಲ," ಎಂದಳು ಚಿಕ್ಕಬೀರಮ್ಮ.

ಗೌತಮಿ ತುಟಿ ಕಚ್ಚಿಕೊಂಡು ಫೋನು ಹಿಡಿದೇ ಇದ್ದಳು.

ಮುಂದಿನ ವಾರ ಹೊಸ ಚಿತ್ರ ಬಂತು. ನಿಂತಿದ್ದ ನೀರು ಬರಿದಾಗಿತ್ತು. ಟೆಂಟುಗಳಿದ್ದ ಬಯಲಿನ ಮೇಲೆ ಹೊಳೆ ಅಗಲವಾಗಿ ಹರಿದಿತ್ತು. ಗೌತಮಿ ಚಿಕ್ಕಬೀರಮ್ಮನನ್ನು ಕೂರಿಸಿಕೊಂಡು, ಬೆರಳಿಟ್ಟು, ಒಂದೊಂದನ್ನೂ ತೋರಿಸಿದಳು.

"ನನ್ ಮಗ ಎಲ್ಲವ್ನೆ ಇದ್ರಲ್ಲಿ?"

"ಈ ಗುಡ್ಡದ ಮೇಲವ್ರೆ ಅತ್ತೆ, ಎಲ್ರೂ. ಮನುಷ್ಯರು ಕಾಣಲ್ಲ ಇದ್ರಲ್ಲಿ. ಬೆಳಿಗ್ಗೆ ಮೇಷ್ಟ್ರು ವಿಚಾರಿಸಿದ್ರು, ಯಾರಿಗೂ ಏನೂ ಆಗಿಲ್ವಂತೆ."

ಚಿಕ್ಕಬೀರಮ್ಮ ಆ ಗುಡ್ಡದ ಮೇಲೆ ತಾನೂ ಬೆರಳಿಟ್ಟಳು. "ಯಾವನೋ ಸ್ಯಾಟಲೈಟ್ ನೋಡ್ದ ಅಂದ್ನಲ್ಲ. ನೀನೇನಮ್ಮಿ ಅದು?"

"ನಾನೂ, ಹಂಪಾಪುರದ ಒಬ್ಬ ಹುಡುಗನೂ."

ಚಿಕ್ಕಬೀರಮ್ಮ ಎರಡೂ ಕೈಯಲ್ಲಿ ಗೌತಮಿಯ ಕೆನ್ನೆ ಸವರಿ, ನೆಟಿಗೆ ಮುರಿದು ದೃಷ್ಟಿ ತೆಗೆದಳು. ಹೊಗೆಸೊಪ್ಪಿನ ಕರೀ ಅಂಟು ಹುಡುಗಿಯ ಮುಖಕ್ಕೆಲ್ಲ ಮೆತ್ತಿಕೊಂಡಿತು.

"ಮುಖ ತೊಳ್ಕೋ ಹೋಗವ್ವ," ಎಂದೆ.

"ಇರ್ಲಿ ತಾತ," ಎಂದು ಮುಂದಿನ ಚಿತ್ರ ತೆರೆದಳು.