ಶೋಭಾಳ ಮದುವೆ, ಮೂರನೇ ಭಾಗ

ನನ್ನ ಚಿಂತೆ ತೀರ ಸಣ್ಣದು: ಭಾರತ ಸೋತರೆ ನನಗೆ ಬೇಜಾರಾಗುವುದಿಲ್ಲ.

ಇದನ್ನು ಡೈರಿಯಲ್ಲಿ ಬರೆಯುವಾಗಲೂ ಎಡಗೈ ಅಡ್ಡ ಹಿಡಿದೇ ಬರೆದೆ. ಇಂಗ್ಲೆಂಡಿನ ಕೆಂಟನ್‌ನ ನಮ್ಮ ಮನೆಯಲ್ಲಿ ಇಂಥ ಮಾತು ಹೊರಬಿದ್ದರೆ ಅಪ್ಪ ಮೊದಲು ನನ್ನ ಜ್ವರ ನೋಡುತ್ತಾರೆ, ಡಾಕ್ಟರಲ್ಲವೇ. ಆಮೇಲೆ ಮುಖ ನೋಡುತ್ತಾರೆ. ಆ ನೋಟ ನನಗೆ ಬೇಡ.

ಅದರ ಬೆನ್ನಿಗೇ ಇನ್ನೊಂದು. ನನಗೆ ಬೇಸ್‌ಬಾಲ್ ಹುಚ್ಚು. ಲೈಬ್ರರಿಯ ಬೋರ್ಡಿನಲ್ಲಿ 'ನಮ್ಮ ತಂಡಕ್ಕೆ ಜನ ಕಡಿಮೆ, ಯಾರಾದರೂ ಬನ್ನಿ' ಎಂಬ ಚೀಟಿ ನೋಡಿ ಫೋನ್ ಮಾಡಿದ್ದೆ. 'ಹಲೋ' ಅಂದು ಇಟ್ಟುಬಿಟ್ಟು, ಮತ್ತೆ ಮಾಡಿ ಒಪ್ಪಿಕೊಂಡಿದ್ದೆ. ಭಾನುವಾರ ಬೆಳಿಗ್ಗೆ ಪಾರ್ಕಿಗೆ ಹೋಗಬೇಕು. ಮನೆಯಲ್ಲಿ ಹೇಳುವ ಧೈರ್ಯವಿಲ್ಲ, ಹೇಳದೆ ಹೋಗುವ ಧೈರ್ಯ ಅದಕ್ಕಿಂತ ಕಡಿಮೆ.

ಅದು ಶನಿವಾರ, ಎರಡು ಸಾವಿರದ ಎರಡನೇ ಇಸವಿಯ ಜುಲೈ. ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಭಾರತದ ಕ್ರಿಕೆಟ್ ಫೈನಲ್. ಅಪ್ಪನಿಗೆ ಟಿಕೆಟ್ ಸಿಕ್ಕಿರಲಿಲ್ಲ. ಅಮ್ಮ ಜಾಣತನದಿಂದ ಆಸ್ಪತ್ರೆಯಲ್ಲಿ ವಾರಾಂತ್ಯದ ಡ್ಯೂಟಿ ಹಾಕಿಸಿಕೊಂಡಿದ್ದರು. ಟಿವಿ ಮುಂದೆ ಇದ್ದವರು ಅಪ್ಪ, ಅವರ ಜೊತೆ ಕೆಲಸ ಮಾಡುವ ಮೈಸೂರಿನ ಗೋಪೀನಾಥ ಅಂಕಲ್, ಬೇಸಿಗೆಗೆಂದು ಧಾರವಾಡದಿಂದ ಬಂದಿದ್ದ ನನ್ನ ಅಜ್ಜಿ ರತ್ನಾಬಾಯಿ. ನಾನು ಮೆಟ್ಟಿಲ ಮೇಲೆ.

ಮೆಟ್ಟಿಲೇ ನನ್ನ ಜಾಗ. ಮ್ಯಾಚ್ ಇದ್ದಾಗ ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸ್ಥಳ. ಅಲ್ಲಾಡಿದವರೇ ವಿಕೆಟ್ಟಿಗೆ ಹೊಣೆ. ನಾನು ಹೈಸ್ಕೂಲಿನಲ್ಲಿದ್ದಾಗ ಎಂದೋ ಮೆಟ್ಟಿಲ ಮೇಲೆ ಕೂತಿದ್ದೆ, ಭಾರತ ಗೆದ್ದಿತು. ಅಂದಿನಿಂದ ಅಲ್ಲೇ. ಅಲ್ಲಿಂದ ಟಿವಿ ಕಾಣುವುದಿಲ್ಲ. ಅಪ್ಪನ ಬೋಳುತಲೆ ಕಾಣುತ್ತದೆ. ಅದು ಕೆಂಪಾದರೆ ವಿಕೆಟ್ ಬಿತ್ತು ಎಂದರ್ಥ.

ಹಾಗೆಂದು ನನಗೆ ಆಟಗಳೇ ಬೇಡವೆಂದಲ್ಲ. ಕೋಟು ತೊಟ್ಟು ಮದುಮಗನಂತೆ ಸ್ನೂಕರ್ ಆಡುವವರೂ ಇಷ್ಟ, ವಿಂಬಲ್ಡನ್‌ನಲ್ಲಿ ಕತ್ತು ತಿರುಗಿಸುವವರೂ ಇಷ್ಟ. ಆದರೆ ಕ್ರಿಕೆಟ್ಟಿನಲ್ಲಿ ಒಮ್ಮೆ ತಪ್ಪಿದರೆ ತಲೆ ತಗ್ಗಿಸಿ ಅಷ್ಟುದ್ದ ನಡೆದು ಹೋಗಬೇಕು, ಇಡೀ ಮೈದಾನ ನೋಡುತ್ತಿರುತ್ತದೆ. ಬೇಸ್‌ಬಾಲಿನಲ್ಲಿ ಹತ್ತು ಸಲ ಬಂದವನು ಮೂರು ಸಲ ಸರಿಯಾಗಿ ಹೊಡೆದರೂ ದೊಡ್ಡ ಆಟಗಾರ. ಡಿಗ್ರಿ ಮುಗಿಸಿ ಇಂಟರ್‌ವ್ಯೂಗಳಲ್ಲಿ ತೊದಲುತ್ತಿರುವವಳಿಗೆ ಇದಕ್ಕಿಂತ ದಯಾಳುವಾದ ಆಟ ಎಲ್ಲಿ ಸಿಗಬೇಕು?

ಟಿವಿಯಲ್ಲಿ ಬಂದ ಬೇಸ್‌ಬಾಲ್ ಆಟವೊಂದನ್ನು ನಾನು ರೆಕಾರ್ಡ್ ಮಾಡಿಟ್ಟಿದ್ದೆ. ಟೇಪಿನ ಮೇಲೆ 'ಶೋಭಾಳ ಮದುವೆ, ಮೂರನೇ ಭಾಗ' ಎಂದು ಬರೆದಿದ್ದೆ. ಶೋಭಾ ಅಪ್ಪನ ಸೋದರಮಾವನ ಮಗಳು. ಮೊದಲೆರಡು ಭಾಗ ನಿಜವಾಗಿಯೂ ಮದುವೆಯೇ. ಮೂರನೆಯದು ಊಟದ ಪಂಕ್ತಿ ಎಂದು ಎಲ್ಲರೂ ನಂಬಿದ್ದರು. ಬೇರೆಯವರು ಉಣ್ಣುವುದನ್ನು ಯಾರು ನೋಡುತ್ತಾರೆ?

ಗೆಲ್ಲಲು ಮುನ್ನೂರಕ್ಕೂ ಮಿಕ್ಕಿ ಬೇಕಿತ್ತು. ನೂರೈವತ್ತಾಗುವ ಮೊದಲೇ ಐದು ವಿಕೆಟ್ ಬಿದ್ದವು. ಬೋಳುತಲೆ ಟೊಮ್ಯಾಟೊ ಆಯಿತು. ಅಪ್ಪ ಚಾನೆಲ್ ಬಂದ್ ಮಾಡಿದರು.

"ಮುಗೀತು. ಇನ್ನ ನೋಡಿದ್ರ ನನಗ ಬಿ.ಪಿ. ಬರ್ತದ."

"ಏನರೆ ಮಂಗಳದ್ದು ಹಾಕೋ ವೀರಭದ್ರ," ಎಂದಳು ಅಜ್ಜಿ. "ಶೋಭಾನ ಮದಿವಿ ಹಾಕು. ಮೂರನೇದು. ಊಟಕ್ಕ ಯಾರ್ಯಾರು ಬಂದಿದ್ರು ನೋಡೂಣು."

ಓಡಿಹೋಗಿ ತಡೆಯಬೇಕೆಂದರೆ ಮೆಟ್ಟಿಲು ಬಿಡುವಂತಿಲ್ಲ. ಟೇಪು ಯಂತ್ರದೊಳಗೆ ಗಟಕ್ಕೆಂದಿತು.

"ಊಟದ್ಮನೆ ಎಲ್ರೀ?" ಗೋಪೀನಾಥ ಅಂಕಲ್.

"ಎಲ್ಲಾರೂ ಪಾಯಿಜಾಮಾದಾಗ ನಿಂತಾರಲ್ಲೋ!" ಅಜ್ಜಿ. "ಅಲ್ಲಿ ಕುಕ್ಕರಗಾಲಿಲೆ ಕೂತಾಂವ ಮದುಮಗ ಏನು? ಇದೆಂಥಾ ಬಾಸಿಂಗ, ಮುಖಾನ ಮುಚ್ಚೇದ!"

ಅಪ್ಪ ರಿಮೋಟಿಗೆ ತಡಕಾಡುವಷ್ಟರಲ್ಲಿ ಗೋಡೆಯಾಚೆ, ಪಕ್ಕದ ಗುಜರಾತಿಗಳ ಮನೆಯಲ್ಲಿ, ಹೋ ಎಂದು ಕೂಗು. ಸ್ವಲ್ಪ ಹೊತ್ತಿಗೆ ಇನ್ನೊಂದು.

"ಮುಟ್ಬೇಡಿ ಡಾಕ್ಟ್ರೇ!" ಅಂಕಲ್ ಕಿರುಚಿದರು. "ಇದು ಹಾಕಿದ್ಮೇಲೆ ಬರೀ ರನ್ನೇ ಬರ್ತಿದೆ ಅಲ್ಲಿ. ಇದನ್ನೇ ನೋಡೋಣ."

"ಖರೇನ ಅದ," ಅಪ್ಪನ ಧ್ವನಿ ಪಿಸುಮಾತಿಗಿಳಿಯಿತು. "ಯಾರೂ ಅಲ್ಲಾಡಬ್ಯಾಡ್ರಿ. ಆದ್ರ ಇದು ಏನಂತ ಯಾರಿಗರೆ ತಿಳೀತದೇನು?"

ಪ್ರೇಕ್ಷಕರ ಗದ್ದಲ ಕೇಳಿಯೇ ಆಟ ಎಲ್ಲಿಗೆ ಬಂದಿದೆಯೆಂದು ನನಗೆ ಗೊತ್ತಾಯಿತು. ಆ ಟೇಪು ನನಗೆ ಬಾಯಿಪಾಠ. ಬಾಯಿ ತಾನಾಗಿಯೇ ತೆರೆಯಿತು. "ಈಗ ಎಡಗೈಯಾಂವ ಬರ್ತಾನ. ಒಂದು ಬಿಡ್ತಾನ. ಎರಡನೇದು ಗ್ಯಾಲರಿಗೆ ಹೊಡೀತಾನ."

ಎಡಗೈಯವನು ಬಂದ. ಒಂದು ಬಿಟ್ಟ. ಎರಡನೆಯದನ್ನು ಗ್ಯಾಲರಿಗೆ ಹೊಡೆದ.

"ಹುಡುಗಿ ಟಿವೀನೇ ನೋಡ್ತಿಲ್ವಲ್ರೀ!" ಅಂಕಲ್ ಗಡಗಡ ನಡುಗಿದರು.

"ಇನ್ನ ದಪ್ಪಂದಾಂವ ಓಡಿ ಬಿದ್ದುಬಿಡ್ತಾನ," ಎಂದೆ. ಬಿದ್ದ.

"ಮನಿದೇವ್ರು ಮೈಮ್ಯಾಲೆ ಬಂದಾನ!" ಅಜ್ಜಿ ಕೂತಲ್ಲಿಂದಲೇ ಕೈ ಮುಗಿದಳು. ಅಪ್ಪ ಕುಂಕುಮಕ್ಕೆ ಏಳಹೊರಟರು, ಗೋಡೆಯಾಚೆ 'ಅರೆರೆ' ಎಂಬ ನರಳಾಟ, ತಕ್ಷಣ ಕೂತರು.

"ಪುಟ್ಟೀ, ಇಂಡಿಯಾ ಗೆಲ್ಲುತ್ತಾಮ್ಮಾ?" ಅಂಕಲ್ ಭಯಭಕ್ತಿಯಿಂದ ಕೇಳಿದರು.

ಏನು ಹೇಳಲಿ? "ಇವ್ರಂತೂ ಗೆಲ್ತಾರ," ಎಂದೆ, ಟೇಪಿನವರ ಬಗ್ಗೆ.

ಭಾರತ ಗೆದ್ದಿತು. ಗೋಡೆಯೇ ಬೀಳುವಂಥ ಕೂಗು; ಬೀದಿಯ ತುಂಬ ಹಾರ್ನು. ನಮ್ಮ ಮನೆಯಲ್ಲಿ ಮಾತ್ರ ಯಾರೂ ಒಂದು ರನ್ನನ್ನೂ ನೋಡಿರಲಿಲ್ಲ. ಅಪ್ಪ ನನ್ನ ಮೆಟ್ಟಿಲ ಬಳಿ ಬಂದು, ಹತ್ತಲಾರದೆ, ದೇವರ ಗುಡಿಯೆದುರು ನಿಲ್ಲುವಂತೆ ನಿಂತರು.

"ನಾಳೆ ಬೆಳಿಗ್ಗೆ ನೀರಜಾನ ಕರ್ಕೊಂಡು ಬರ್ತೀನಿ ಡಾಕ್ಟ್ರೇ," ಅಂಕಲ್ ಹೆಂಡತಿಯ ಹೆಸರೆತ್ತಿ ಹಿಂದಿನಿಂದ ಇಣುಕಿದರು. "ಮಗನ ಮೆಡಿಕಲ್ ಸೀಟಿಂದು ಒಂದ್ಮಾತು ಕೇಳ್ಬೇಕು. ಹಣ್ಣು ತರ್ಬೇಕೋ, ಕಾಯಿ ತರ್ಬೇಕೋ?"

"ಎರಡೂ ತರ್ರಿ," ಅಜ್ಜಿ. "ಹುಡುಗಿ ಬೆಳಿಗ್ಗೆಯಿಂದ ಇಲ್ಲೇ ಕೂತಿರ್ತಾಳ. ಕೂಡ್ಲಿಕ್ಕೆ ಒಂದು ಮಣಿ ಹಾಕಿಡ್ತೀನಿ."

ನಾಳೆ ಬೆಳಿಗ್ಗೆ! ಪಾರ್ಕಿನ ಹುಲ್ಲು, ಜನ ಕಡಿಮೆ ಇರುವ ಆ ತಂಡ ಕಣ್ಣ ಮುಂದೆ ಬಂದವು. ಸುಮ್ಮನಿದ್ದರೆ ದೇವರಾಗಿ ಉಳಿಯಬಹುದಿತ್ತು. ದೇವರಿಗೆ ಹೆಚ್ಚು ಮಾತಾಡುವ ಕೆಲಸವೂ ಇಲ್ಲ, ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಹುದ್ದೆ. ಆದರೂ ಮೆಟ್ಟಿಲಿಂದ ಎದ್ದೆ. ಅಪ್ಪ ಗಾಬರಿಯಿಂದ ಟಿವಿಯ ಕಡೆ ನೋಡಿದರು.

"ಅಪ್ಪಾ," ಎಂದೆ, "ನನಗ ಯಾವ ದೇವ್ರೂ ಬಂದಿಲ್ಲ. ಆ ಟೇಪು ನಂದು. ನನಗ ಕ್ರಿಕೆಟ್ ಸೇರೂದಿಲ್ಲ, ಬೇಸ್‌ಬಾಲ್ ಸೇರ್ತದ. ನಾಳೆ ಬೆಳಿಗ್ಗೆ ನಾ ಆಡ್ಲಿಕ್ಕೆ ಹೋಗ್ತೀನಿ."