ಆರನೆಯ ಗಂಟು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕತ್ತರಿ, ಚಿಮುಟಗಳನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಹಬೆಯಂತ್ರದಲ್ಲಿ ಬೇಯಿಸಿ ಶುದ್ಧಗೊಳಿಸುತ್ತಿದ್ದ ಹೆಂಗಸನ್ನು ಎಲ್ಲರೂ ಹಬೆಯಕ್ಕ ಎಂದೇ ಕರೆಯುತ್ತಿದ್ದರು. ಪ್ರತಿ ಗಂಟಿನ ಮೇಲೂ ಅವಳೊಂದು ಕಾಗದದ ಪಟ್ಟಿ ಅಂಟಿಸುವಳು. ಕಾವು ಸಾಕಷ್ಟು ತಾಗಿದರೆ ಮಾತ್ರ ಅದರ ಗೆರೆಗಳು ಕಪ್ಪಾಗುತ್ತವೆ. ಕಪ್ಪು ಗೆರೆ ಕಂಡ ಮೇಲೆ ಯಾರೂ ಮತ್ತೊಂದು ಪ್ರಶ್ನೆ ಕೇಳುತ್ತಿರಲಿಲ್ಲ.

ಶನಿವಾರ ಯಂತ್ರವು ಒತ್ತಡ ಕಳೆದುಕೊಂಡು ನಡುವೆಯೇ ನಿಂತಿತು. ಮತ್ತೆ ಕಾಯಿಸಲು ಒಂದು ತಾಸು ಬೇಕಿತ್ತು. ಅತ್ತ ಚರ್ಚಿನಲ್ಲಿ ಹಾಡಿನ ಅಭ್ಯಾಸಕ್ಕೆ ಅವಳೇ ಮುಂದಾಳು. ಹಳೆಯ ಗಂಟುಗಳಿಂದ ಕಿತ್ತಿಟ್ಟ ಕಪ್ಪು ಪಟ್ಟಿಗಳನ್ನು ಆರು ಹೊಸ ಗಂಟುಗಳಿಗೆ ಅಂಟಿಸಿ, ಕೈ ತೊಳೆದುಕೊಂಡು, ದೇವರನ್ನು ಸ್ತುತಿಸಲು ಹೊರಟಳು.

ಬುಧವಾರದ ಹೊತ್ತಿಗೆ ಮೂವರು ಬಾಣಂತಿಯರ ಗಾಯ ಕೀವುಗಟ್ಟಿ ಜ್ವರ ಏರಿತ್ತು. ಅವರಲ್ಲೊಬ್ಬಳು ಹಬೆಯಕ್ಕನ ಒಡಹುಟ್ಟಿದ ತಮ್ಮನ ಹೆಂಡತಿ. ತಪ್ಪನ್ನು ಆಸ್ಪತ್ರೆಯವರು ನೆಲ ಒರೆಸುವ ಮುದುಕಿಯ ತಲೆಗೆ ಕಟ್ಟಿ ಮನೆಗೆ ಕಳುಹಿಸಿದ್ದರು. ಆಕೆಯೂ ಅದೇ ಚರ್ಚಿನ ಸಭೆಯವಳು. ಪಾಪವು ಏಕಾಂತದಲ್ಲಿ ಹುಟ್ಟಬಹುದು, ಆದರೆ ಏಕಾಂತದಲ್ಲಿ ಬಾಳಲಾರದು. ಬಾಗಿಲು ಹಾಕಿಕೊಂಡು ಮಾಡಿದ್ದು ಬಾಗಿಲ ಸಂದಿಯಿಂದಲೇ ಊರಿಗಿಳಿಯುತ್ತದೆ.

ಅಂದು ಬೆಳಿಗ್ಗೆ ಅವಳು ಕಪಾಟು ಜಾಲಾಡಿದಳು. ಮೂರು ಗಂಟು ಬಳಕೆಯಾಗಿದ್ದವು. ಎರಡು ಸಿಕ್ಕವು, ಯಾರ ಕಣ್ಣಿಗೂ ಬೀಳದಂತೆ ಅವನ್ನು ಚೀಲಕ್ಕೆ ತುರುಕಿದಳು. ಆರನೆಯದು ಇರಲಿಲ್ಲ.

"ಏನು ಹುಡುಕ್ತಿದ್ದೀರಿ ಹಬೆಯಕ್ಕ?" ಎಂದು ನರ್ಸ್ ನಕ್ಕಳು. "ಇಲ್ಲಿದ್ದದ್ದನ್ನ ಆಗಲೇ ಆಪರೇಷನ್‌ಗೆ ಒಯ್ದರು. ನಿಮ್ಮ ಗಂಟು ಅಂದ್ರೆ ಡಾಕ್ಟರಿಗೂ ಕಣ್ಮುಚ್ಚಿ ನಂಬಿಕೆ."

ಅವಳು ಮೇಲಕ್ಕೆ ಓಡಿದಳು. ಆಪರೇಷನ್ ಕೊಠಡಿಯ ಮುಂದಿನ ಓಣಿಯಲ್ಲಿ, ಬಾಣಂತಿಯರ ವಾರ್ಡಿನ ಬಳಿ, ಸಭಾಪಾಲಕರೂ ಸಭೆಯ ನಾಲ್ಕಾರು ಜನರೂ ತಮ್ಮನನ್ನು ಸುತ್ತುವರಿದು ನಿಂತಿದ್ದರು.

"ಬಾಮ್ಮ, ನಿನ್ನನ್ನೇ ಕಾಯ್ತಿದ್ವಿ," ಎಂದರು ಸಭಾಪಾಲಕರು. "ಕಾಲಿಗೆ ಮುಳ್ಳು ಚುಚ್ಚಿದ್ರೆ ಕಣ್ಣು ನೀರು ಹಾಕುತ್ತೆ. ನಾವೂ ಹಾಗೇ ಬಂದ್ವಿ. ನೀನೇ ಪ್ರಾರ್ಥನೆ ಶುರು ಮಾಡು."

"ಚಿಕ್ಕದಾಗಿ ಮಾಡಮ್ಮ," ಎಂದರು ಸಭೆಯ ಹಿರಿಯರೊಬ್ಬರು. "ನೀನು ಶುರು ಮಾಡಿದ್ರೆ, ಆಮೆನ್ ಬರೋ ಹೊತ್ತಿಗೆ ಮಗು ನಡೆಯೋಕೆ ಕಲ್ತಿರುತ್ತೆ."

ತಮ್ಮನ ಬಾಡಿದ ಮುಖದಲ್ಲೂ ನಗುವಿನ ಎಳೆಯೊಂದು ಸುಳಿಯಿತು. ಎಲ್ಲರೂ ಕಣ್ಣು ಮುಚ್ಚಿದರು.

"ಪ್ರಭುವೇ," ಎಂದಳು. ಕಣ್ಣು ತೆರೆದು ಆಪರೇಷನ್ ಕೊಠಡಿಯ ಬಾಗಿಲನ್ನು ನೋಡಿದಳು. ನಿಜ ಹೇಳಿದರೆ ಕೆಲಸ, ಹೆಸರು, ತಮ್ಮ, ಮೂರೂ ಹೋದವು. ಹೇಳದಿದ್ದರೆ ಆ ಬಾಗಿಲಾಚೆ ಪ್ರಜ್ಞೆಯಿಲ್ಲದೆ ಮಲಗಿರುವ, ತಾನೆಂದೂ ಕಾಣದ ಒಂದು ಜೀವ.

"ಮುಳ್ಳು ನಾನೇ, ಅಯ್ಯನವರೇ," ಎಂದವಳೇ ಹೋಗಿ ಆ ಬಾಗಿಲನ್ನು ಎರಡೂ ಕೈಗಳಿಂದ ಬಡಿದಳು. "ಆ ಗಂಟು ಬಿಚ್ಚಬೇಡಿ. ಅದು ಬೆಂದಿಲ್ಲ. ಶನಿವಾರದ್ದು ಯಾವುದೂ ಬೆಂದಿಲ್ಲ. ಪಟ್ಟಿ ನಾನು ಅಂಟಿಸಿದ್ದು."

ಬಾಗಿಲು ತೆರೆದ ಹಿರಿಯ ನರ್ಸ್ ಅವಳನ್ನು ದಿಟ್ಟಿಸಿದಳು. "ಬಿಚ್ಚಿ ಹತ್ತು ನಿಮಿಷ ಆಯ್ತಲ್ಲಮ್ಮ."

ಒಳಗಿಂದ ಡಾಕ್ಟರರ ದನಿ ಬಂತು: "ಬೇರೆ ಸಾಮಾನು ತನ್ನಿ, ಬೇಗ. ಆಕೆನ ಹೋಗೋಕೆ ಬಿಡಬೇಡಿ. ಉಳಿದ ಗಂಟು ಯಾರ್ಯಾರಿಗೆ ಹೋಯ್ತು, ಒಂದೂ ಬಿಡದೆ ಬರ್ಕೊಳ್ಳಿ. ಅವರ ಔಷಧ ಇವತ್ತೇ ಬದಲಾಯಿಸಬೇಕು."

ನರ್ಸ್ ಕಾಗದ ತೆಗೆದಳು.

"ನಿಂಗೆ ಯಾವಾಗ ಗೊತ್ತಾಯ್ತು?" ಎಂದು ತಮ್ಮ ಕೇಳಿದ.

"ಜ್ವರ ಬಂದ ದಿನವೇ."

"ಎರಡು ದಿನ ಅವಳ ತಲೆ ನೇವರಿಸ್ತಾ ಕೂತಿದ್ದೆಯಲ್ಲಕ್ಕ."

ಗಂಟು ಯಾರ್ಯಾರಿಗೆ ಹೋಯಿತೆಂದು ನರ್ಸ್ ಕೇಳಿದಳು. ಮೊದಲನೆಯದು ಕಿಟಕಿಯ ಬದಿಯ ಹಾಸಿಗೆಯವಳಿಗೆ ಎಂದಳು ಹಬೆಯಕ್ಕ. ಎರಡನೆಯದು ಅವಳಿ ಮಕ್ಕಳ ತಾಯಿಗೆ. ಮೂರನೆಯದಕ್ಕೆ ಬಂದಾಗ ತಮ್ಮನತ್ತ ತಿರುಗಿದಳು.

"ನನ್ನ ಹೆಂಡತಿಗೆ," ಎಂದ ತಮ್ಮ, ಅವಳತ್ತ ನೋಡದೆ. "ಬರ್ಕೊಳ್ಳಿ."