ಸ್ಲಾವಿತ್ಸಾಳ ಕಾರಿನ ಸ್ಟೀರಿಯೊ

ಸ್ಲಾವಿತ್ಸಾ ಮನೆ ಬಿಟ್ಟು ಹೊರಡುವ ದಿನ ಬೆಳಿಗ್ಗೆ ಅವಳ ಗಂಡ ಲ್ಯುಬಿಶಾ ಅವಳ ಕಾರಿನ ಬಾನೆಟ್ ಎತ್ತಿಕೊಂಡು ನಿಂತಿದ್ದ. ಉಝಿತ್ಸೆಯಲ್ಲಿ ಕಾರಿನ ವೈರಿಂಗ್ ಅಂದರೆ ಅವನೇ. ಊರವರ ಕಾರುಗಳೆಲ್ಲ ಹಾಡುತ್ತಿದ್ದವು, ಹೆಂಡತಿಯದು ಮಾತ್ರ ಮೂಕವಾಗಿತ್ತು. ಕೊಂಡಾಗಿನಿಂದ "ಬರೋ ಭಾನುವಾರ ಸ್ಟೀರಿಯೊ ಹಾಕ್ತೀನಿ" ಎನ್ನುತ್ತಲೇ ಬಂದಿದ್ದ. ಅಂಥ ಯಾವುದೋ ಭಾನುವಾರ ಅವಳ ಮನಸ್ಸು ದೂರದ ಬಯಲುಸೀಮೆಯ ಸುಬೋತಿತ್ಸಾ ಊರಿನ ಒಬ್ಬ ಮೇಷ್ಟರ ಕಡೆ ವಾಲಿತ್ತು. ಅದನ್ನವಳು ಮುಚ್ಚಿಡದೆ ಹೇಳಿಯೂ ಇದ್ದಳು.

ಪಕ್ಕದ ಮನೆಯ ಮಿಲುಟಿನ್ ಬೇಲಿಯಾಚೆಯಿಂದ ಇಣುಕಿದ. "ಅಲ್ಲ ಮಾರಾಯ, ಹೆಂಡ್ತಿ ಇನ್ನೊಬ್ಬನ ಹತ್ರ ಹೋಗ್ತಿದಾಳೆ, ನೀನು ವಾಲಗ ಊದಿಸಿ ಕಳಿಸ್ತೀಯಾ?"

"ಈ ಕಾರಿನ ಹಳೇ ಮಾಲೀಕ ಒಳಗೆ ತಂತಿ ಬರೀ ಹೊಸೆದು ಟೇಪ್ ಸುತ್ತಿ ಬಿಟ್ಟಿದಾನೆ. ಟೇಪ್ ಬಿಚ್ಕೊಂಡಿದೆ. ದಾರೀಲಿ ಕಿಡಿ ಹಾರಿದ್ರೆ?"

"ಹಾರ್ಲಿ ಬಿಡು. ಹೆದರಿ ವಾಪಸ್ ಬರ್ತಾಳೆ."

ಲ್ಯುಬಿಶಾ ಬ್ಯಾಟರಿಯ ಮೈನಸ್ ತಂತಿ ಕಳಚಿ ದೂರ ಸರಿಸಿದ.

ಸ್ಲಾವಿತ್ಸಾ ಕಾಫಿ ತಂದಳು. "ಬೇಡ ಅಂದಿದ್ನಲ್ಲ. ಈಗ್ಯಾಕೆ ಇದೆಲ್ಲ?"

"ದೂರದ ದಾರಿ" ಎಂದ ಅವನು, ತಲೆಯೆತ್ತದೆ.

ಹಳೆಯ ಗಂಟುಗಳನ್ನೆಲ್ಲ ಕತ್ತರಿಸಿದ. ಹೊಸ ತುದಿಗಳನ್ನು ಹೆಣೆದು ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ ತೊಡಿಸಿ ಬಿಸಿಗಾಳಿಗೆ ಬಿಗಿಮಾಡಿದ. ಬ್ಯಾಟರಿಯಿಂದ ಬರುವ ತಂತಿಗೆ ಬುಡದಲ್ಲೇ ಫ್ಯೂಸ್ ಕೂರಿಸಿದ. ಕಪ್ಪು ತಂತಿಯನ್ನು ಬಣ್ಣ ಕೆರೆದ ಕಾರಿನ ತಗಡಿಗೆ ತಿರುಪಿನಿಂದ ಬಿಗಿದ. ತಗಡಿನ ಅಂಚು ತಂತಿಯನ್ನು ಸವೆಸದಿರಲೆಂದು ತಂತಿ ಹಾಯುವ ತೂತಿಗೊಂದು ರಬ್ಬರ್ ಬಳೆ ತೊಡಿಸಿದ. ಪ್ರತಿ ಗಂಟನ್ನೂ ಎಳೆದು ನೋಡಿದ. ಯಾವುದೂ ಬಿಡಲಿಲ್ಲ. ಸ್ಟೀರಿಯೊ ಕೂರಿಸಿ, ಎಲ್ಲ ಮುಗಿದ ಮೇಲೆಯೇ ಬ್ಯಾಟರಿ ಜೋಡಿಸಿದ.

ಸ್ಲಾವಿತ್ಸಾ ಚಾಲಕಿಯ ಸೀಟಿನಲ್ಲಿ ಕೂತು ಕೀ ತಿರುಗಿಸಿದಳು. ರೇಡಿಯೊದಲ್ಲಿ ಹವಾಮಾನ ವರದಿ ಬಂತು. ಇಬ್ಬರೂ ಪಕ್ಕಪಕ್ಕ ಕೂತು ಅದನ್ನೇ ಕೇಳಿದರು. ಬಯಲುಸೀಮೆಯ ಕಡೆ ಗಾಳಿಯಂತೆ.

"ಸುಟ್ಟ ವಾಸನೆ ಏನಾದ್ರೂ ಬಂದ್ರೆ ಮೊದಲು ಕೀ ಆಫ್ ಮಾಡು" ಎಂದ.

ಅವಳು ರೇಡಿಯೊದ ದನಿ ತಗ್ಗಿಸಿದಳು. "ಒಂದು ಸಲವಾದ್ರೂ ನೀನು 'ಹೋಗ್ಬೇಡ' ಅನ್ಲಿಲ್ಲ."

"ಅಂದಿದ್ರೆ ಉಳೀತಿದ್ಯಾ?"

ಸ್ಲಾವಿತ್ಸಾ ಯೋಚಿಸಿದಳು. ಸುಳ್ಳಾಡುವವಳಲ್ಲ ಅವಳು. "ಇಲ್ಲ. ಆದ್ರೂ ಅನ್ಬೇಕಿತ್ತು."

ಅವನು ಹೇಳಬೇಕೆಂದು ಬಾಯಿ ತೆರೆದ. ಇಷ್ಟು ವರ್ಷ ಆಡದ ಮಾತಿನ ಬದಲು ಫ್ಯೂಸ್ ಎಲ್ಲಿದೆಯೆಂದು ಹೇಳಿದ. ಅವಳು ಅವನ ಮಸಿ ಹತ್ತಿದ ಕೈಯನ್ನು ಒಮ್ಮೆ ಒತ್ತಿ ಬಿಟ್ಟಳು. ಅವನು ಇಳಿದು, ಬಾಗಿಲು ಸರಿಯಾಗಿ ಹಾಕಿಕೊಂಡಿತೇ ಎಂದು ನೋಡಿದ.

ಕಾರು ತಿರುವು ದಾಟಿದ ಮೇಲೆ ಲ್ಯುಬಿಶಾ ನೆಲದ ಮೇಲೆ ಬಿದ್ದಿದ್ದ ತಂತಿಯ ಚೂರುಗಳನ್ನು ಆಯತೊಡಗಿದ. ಅರ್ಧಕ್ಕೇ ಬಿಟ್ಟು, ಕಾರು ನಿಂತಿದ್ದ ಜಾಗದಲ್ಲೇ ಕುಕ್ಕರಿಸಿದ.

"ಹೋಗ್ಬೇಡ ಕಣೇ" ಎಂದ, ಯಾರೂ ಇಲ್ಲದ ಅಂಗಳಕ್ಕೆ.

ಬೇಲಿಯ ಹತ್ತಿರ ನಿಂತಿದ್ದ ಮಿಲುಟಿನ್‌ಗೆ ಅದು ಕೇಳಿಸಿತು. ಅವನು ಸದ್ದಿಲ್ಲದೆ ಒಳಗೆ ಹೋದ.